ಕವರಿಂಗ್ ಎನ್ನಲು ನಾಚಿಕೆಯೇಕೆ?

ಹೋದ ಸಲದ ರಾಜ್ಯೋತ್ಸವ ಸಮಾರಂಭ ಮುಗಿದು ಎಲ್ಲರೂ ಊಟದ ಸಾಲಿನಲ್ಲಿ ನಿಂತಿದ್ದೆವು. ಬಿಸಿಬೇಳೆಭಾತಿನ ಪಾತ್ರೆ ಇನ್ನೂ ದೂರವಿತ್ತು. ನಮ್ಮ ಹಿಂದೆ ನಿಂತಿದ್ದ ಇಬ್ಬರು ಮಹಿಳೆಯರು ಹೊತ್ತು ಕಳೆಯಲು ಮಾತಿಗಿಳಿದಿದ್ದರು. ‘ಅವರು ಹಾಕ್ಕೊಂಡಿದಾರಲ್ಲ ಸರ, ಅದು ಬರೀ ಕವರಿಂಗ್ ಅಂತೆ ಕಣ್ರೀ’ ಎಂದರು ಒಬ್ಬರು. ‘ಅಯ್ಯೋ, ಹೌದಾ? ನೋಡಿದ್ರೆ ಗೊತ್ತೇ ಆಗಲ್ಲವಲ್ಲ’ ಎಂದರು ಇನ್ನೊಬ್ಬರು. ಆಮೇಲೆ ಇಬ್ಬರೂ ಸೇರಿ ಒಂದು ಸಣ್ಣ ನಗೆ ನಕ್ಕರು.

ಆ ‘ಅವರು’ ಬೇರೆ ಯಾರೂ ಅಲ್ಲ, ನಮ್ಮ ಮನೆಯವರೇ. ಗುಟ್ಟನ್ನು ಬಯಲು ಮಾಡಿದವರೂ ಅವರೇ. ಸರ ಚೆನ್ನಾಗಿದೆ ಎಂದು ಯಾರೋ ಹೊಗಳಿದಾಗ, ‘ಕವರಿಂಗ್ ರೀ, ಇಲ್ಲೇ ಕೋಯಂಬೇಡಿನಲ್ಲಿ ತಗೊಂಡಿದ್ದು’ ಎಂದು ತಾವಾಗಿಯೇ ಹೇಳಿದ್ದರು. ಆದ್ದರಿಂದ ‘ಕವರಿಂಗ್’ ಎಂಬ ಮಾತಿಗೆ ನಮಗೆ ಕೋಪವಿಲ್ಲ. ಕೋಪ ಬಂದದ್ದು ಅದರ ಹಿಂದಿನ ‘ಬರೀ’ ಎಂಬ ಎರಡಕ್ಷರಕ್ಕೆ. ಈ ಲೇಖನವನ್ನು ಬರೆಯುತ್ತಿರುವುದು ಆ ಎರಡಕ್ಷರದ ವಿರುದ್ಧ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಚಿನ್ನದ ನೀರು ಹಾಕಿದ ಒಡವೆ ಬೇಗ ಕಪ್ಪಾಗುತ್ತದೆ, ಹಸಿರು ಕಾರುತ್ತದೆ, ಮೈಗೆ ಆಗುವುದಿಲ್ಲ ಎಂಬ ದೂರು ಮನೆಮನೆಯಲ್ಲಿ ಕೇಳಿಬರುತ್ತದೆ. ದೂರು ಸುಳ್ಳಲ್ಲ. ಆದರೆ ಬಹುಪಾಲು ಮನೆಗಳಲ್ಲಿ ಆ ಒಡವೆಯನ್ನು ಹಾಳುಮಾಡುವುದು ನಮ್ಮ ನಾಚಿಕೆ. ಅದು ಚಿನ್ನವಲ್ಲ ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚ. ಸಂಕೋಚವಿರುವುದರಿಂದ ಚಿನ್ನದಂತೆಯೇ ಅದನ್ನು ನಡೆಸಿಕೊಳ್ಳುತ್ತೇವೆ. ಅದನ್ನು ತೊಟ್ಟೇ ಸ್ನಾನ ಮಾಡುತ್ತೇವೆ, ಮಲಗುತ್ತೇವೆ, ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜುತ್ತೇವೆ. ಮೂರು ತಿಂಗಳಿಗೆ ಅದು ಬಣ್ಣ ಕಳೆದುಕೊಂಡರೆ ‘ಎಷ್ಟಾದರೂ ಕವರಿಂಗ್ ತಾನೆ’ ಎಂದು ಮೂಗು ಮುರಿಯುತ್ತೇವೆ. ಇದು ಯಾವ ನ್ಯಾಯ?

ಪರರ ಮನೆಯ ಮಾತೇಕೆ, ನಮ್ಮ ಮನೆಯದನ್ನೇ ಹೇಳುತ್ತೇವೆ.

2022ರ ಜೂನ್ ತಿಂಗಳು. ಮಗನ ಶಾಲೆಯ ಫೀಸು, ಕೋಯಂಬೇಡಿನ ಹೊಸ ಬಾಡಿಗೆ ಮನೆಯ ಅಡ್ವಾನ್ಸು, ಎರಡೂ ಒಟ್ಟಿಗೆ ಬಂದವು. ಕೇಂದ್ರ ಸರ್ಕಾರದ ಗುಮಾಸ್ತರ ಸಂಬಳದ ಚೀಟಿಯನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. 2004ರ ನಂತರ ಕೆಲಸಕ್ಕೆ ಸೇರಿದ ನಮ್ಮಂಥವರಿಗೆ ಹಿಂದಿನವರ ಹಾಗೆ ಜಿ.ಪಿ.ಎಫ್. ಸಾಲದ ಅನುಕೂಲವೂ ಇಲ್ಲ. ಮನೆಯವರ ಮಾಂಗಲ್ಯದ ಸರ ಬ್ಯಾಂಕಿಗೆ ಹೋಯಿತು. ತಾಳಿಯ ಬೊಟ್ಟುಗಳು ಮಾತ್ರ ಉಳಿದವು. ಅವನ್ನು ಪೋಣಿಸಲು ಬಸ್ ನಿಲ್ದಾಣದ ಬಳಿಯ ಅಂಗಡಿಯೊಂದರಲ್ಲಿ ಆರುನೂರು ರೂಪಾಯಿಗೆ ಕವರಿಂಗ್ ಸರ ಕೊಂಡೆವು. ‘ಆರು ತಿಂಗಳು ಗ್ಯಾರಂಟಿ’ ಎಂದ ಅಂಗಡಿಯವನು ಗ್ಯಾರಂಟಿಯನ್ನು ಯಾವ ಕಾಗದದ ಮೇಲೂ ಬರೆದುಕೊಡಲಿಲ್ಲ.

ಈ ಸಂಗತಿ ಯಾರಿಗೂ ತಿಳಿಯಬಾರದು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಪಕ್ಕದ ಮನೆಯವರಿಗೆ ಅನುಮಾನ ಬಾರದಿರಲೆಂದು ಮನೆಯವರು ಆ ಸರವನ್ನು ಒಂದು ಗಳಿಗೆಯೂ ಕುತ್ತಿಗೆಯಿಂದ ತೆಗೆಯಲಿಲ್ಲ. ಬೋರ್‌ವೆಲ್ಲಿನ ಉಪ್ಪುನೀರಿನ ಸ್ನಾನ ಅದರ ಜೊತೆಯಲ್ಲೇ, ಒಲೆಯ ಮುಂದಿನ ಬೆವರೂ ಅದರ ಮೇಲೆಯೇ. ಶುಕ್ರವಾರ ಬಂದರೆ ಅಂಟುವಾಳಕಾಯಿಯ ನೀರಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು. ಎರಡನೆಯ ತಿಂಗಳಿಗೆ ಸರ ಮಾಸಿತು. ಮೂರನೆಯ ತಿಂಗಳಿಗೆ ಕುತ್ತಿಗೆಯ ಸುತ್ತ ಹಸಿರು ಗೆರೆ, ಅದರ ಕೆಳಗೆ ಕೆಂಪು ಗುಳ್ಳೆ, ತುರಿಕೆ. ಇನ್ನೊಂದು ಸರ ತಂದೆವು, ಅದಕ್ಕೂ ಅದೇ ಗತಿ. ವರ್ಷ ತುಂಬುವುದರೊಳಗೆ ನಾಲ್ಕು ಸರ ಆದವು. ಚರ್ಮವೈದ್ಯರ ಫೀಸು ಬೇರೆ. ಕುತ್ತಿಗೆ ಕಾಣದಂತೆ ಸೆರಗು ಹೊದೆಯುವುದು ಅಭ್ಯಾಸವಾಗಿಹೋಯಿತು. ಕತ್ತರಿ ಬಿಸಿಲಿನ ಮದರಾಸಿನಲ್ಲಿ ಕುತ್ತಿಗೆ ಮುಚ್ಚಿಕೊಂಡು ಓಡಾಡುವುದೆಂದರೆ ಏನೆಂದು ಇಲ್ಲಿರುವವರಿಗೆ ಹೇಳಬೇಕೆ?

ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಪಾಸು ಮಾಡಿದ ನಾವು ಇದನ್ನೆಲ್ಲ ನೋಡುತ್ತ ಕುಳಿತಿದ್ದೆವು. ಪರೀಕ್ಷೆಯಲ್ಲಿ ಫ್ಯಾರಡೆಯ ವಿದ್ಯುದ್ವಿಭಜನೆಯ ನಿಯಮಗಳನ್ನು ಬರೆದು ಅಂಕ ಪಡೆದವರಿಗೆ ಹೆಂಡತಿಯ ಕುತ್ತಿಗೆಯ ಮೇಲಿನ ಹಸಿರು ಗೆರೆ ಅದೇ ಪಾಠದ ಮುಂದಿನ ಪುಟ ಎಂದು ಹೊಳೆಯಲಿಲ್ಲ. ತಡವಾಗಿಯಾದರೂ ಹೊಳೆದದ್ದನ್ನು ಈಗ ವಾಚಕರ ಮುಂದಿಡುತ್ತೇವೆ.

ಕವರಿಂಗ್ ಒಡವೆಯ ಒಳಗೆ ಇರುವುದು ಸಾಮಾನ್ಯವಾಗಿ ತಾಮ್ರ ಅಥವಾ ಹಿತ್ತಾಳೆ. ಅನೇಕ ಒಡವೆಗಳಲ್ಲಿ ಅದರ ಮೇಲೆ ನಿಕಲ್ ಲೋಹದ ಒಂದು ಪದರ; ಎಲ್ಲಕ್ಕಿಂತ ಮೇಲೆ ಚಿನ್ನ. ಚಿನ್ನದ ಲವಣವನ್ನು ಕರಗಿಸಿದ ದ್ರಾವಣದಲ್ಲಿ ಒಡವೆಯನ್ನು ಇಳಿಬಿಟ್ಟು ವಿದ್ಯುತ್ತನ್ನು ಹರಿಸಿದರೆ ಚಿನ್ನ ಬಂದು ಅದರ ಮೇಲೆ ಕೂರುತ್ತದೆ. ವೋಲ್ಟಾ ಎಂಬ ವಿಜ್ಞಾನಿ 1800ರಲ್ಲಿ ವಿದ್ಯುತ್ಕೋಶವನ್ನು ಕಂಡುಹಿಡಿದ. ಐದು ವರ್ಷಗಳಲ್ಲೇ ಅವನ ದೇಶದವನೇ ಆದ ಬ್ರುಗ್ನಾಟೆಲ್ಲಿ ಅದರಿಂದ ಚಿನ್ನದ ಲೇಪ ಮಾಡಿ ತೋರಿಸಿದ. 1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಬಂಧುಗಳು ಈ ವಿದ್ಯೆಗೆ ಪೇಟೆಂಟ್ ಪಡೆದು ಅದನ್ನು ಕಾರ್ಖಾನೆಗೆ ತಂದರು. ಅದಕ್ಕೆ ಮೊದಲು ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಬೆಂಕಿಯಲ್ಲಿ ಪಾದರಸವನ್ನು ಆವಿ ಮಾಡುತ್ತಿದ್ದರು. ಆ ಹೊಗೆ ಕುಶಲಕರ್ಮಿಗಳ ಪ್ರಾಣವನ್ನು ಹಿಂಡುತ್ತಿತ್ತು. ಈಗಿನ ಲೇಪದ ದ್ರಾವಣದಲ್ಲೂ ಸೈನೈಡ್ ಇರುವುದುಂಟು. ಆದ್ದರಿಂದ ಮನೆಯಲ್ಲೇ ಚಿನ್ನದ ನೀರು ಹಾಕುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಆ ಪದರ ಎಷ್ಟು ದಪ್ಪ? ಲೆಕ್ಕ ಹಾಕಿ ನೋಡೋಣ. ಸರವೊಂದರ ಹೊರಮೈ 50 ಚದರ ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಅದರ ಮೇಲೆ 0.2 ಮೈಕ್ರಾನ್ ದಪ್ಪದ ಚಿನ್ನ ಇದೆಯೆನ್ನಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಚಿನ್ನದ ಸಾಂದ್ರತೆ 19.3. ಗುಣಿಸಿದರೆ ಬರುವ ತೂಕ ಸುಮಾರು 19 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಐವತ್ತನೆಯ ಒಂದು ಭಾಗ. ನಿಜವಾಗಿ ಒಂದು ಗ್ರಾಂ ಚಿನ್ನವನ್ನು ಅದೇ ಸರಕ್ಕೆ ಸವರಿದರೆ ಪದರದ ದಪ್ಪ 10 ಮೈಕ್ರಾನ್ ಆಗಬೇಕು. ‘ಒನ್ ಗ್ರಾಂ ಗೋಲ್ಡ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಯಲ್ಲಿ ‘ಎಷ್ಟು ಮೈಕ್ರಾನ್ ಸ್ವಾಮಿ?’ ಎಂದು ಒಮ್ಮೆ ಕೇಳಿ ನೋಡಿ. ನಾವು ಕೇಳಿದ್ದೇವೆ. ಉತ್ತರಕ್ಕೆ ಬದಲಾಗಿ ನಮ್ಮ ಮುಖವನ್ನು ನೋಡಿದರು.

ಇನ್ನು ಹಸಿರು ಬರುವುದು ಹೇಗೆ? ಚಿನ್ನಕ್ಕೆ ಬೆವರಿನಿಂದ ಏನೂ ಆಗುವುದಿಲ್ಲ. ಆದರೆ ಇಷ್ಟು ತೆಳುವಾದ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳ ಮೂಲಕ ಬೆವರಿನ ಉಪ್ಪು ಒಳಗಿನ ತಾಮ್ರವನ್ನು ಮುಟ್ಟುತ್ತದೆ. ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು, ಅಂದಮೇಲೆ ಅದು ಒಂದು ಸಣ್ಣ ಬ್ಯಾಟರಿಯೇ. ಆ ಬ್ಯಾಟರಿಯಲ್ಲಿ ಸವೆಯುವುದು ತಾಮ್ರ. ಮೈಗೆ ಹತ್ತುವ ಹಸಿರು ಅದರ ಲವಣ. ಗಾಳಿಯಲ್ಲಿನ ಗಂಧಕದ ಅಂಶ ಸೇರಿದರೆ ಕಪ್ಪು. ನಿಕಲ್ ಪದರ ತಾಮ್ರವನ್ನು ಒಂದಿಷ್ಟು ಕಾಲ ತಡೆದು ಹಿಡಿಯುತ್ತದೆ, ಆದರೆ ನಿಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ನಮ್ಮ ಮನೆಯವರ ಗುಳ್ಳೆಗಳಿಗೆ ವೈದ್ಯರು ಕೊಟ್ಟ ಕಾರಣ ಅದೇ. ಯೂರೋಪಿನ ದೇಶಗಳಲ್ಲಿ ಮೈಗೆ ತಾಗುವ ವಸ್ತುವಿನಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕಲ್ ಹೊರಬರಕೂಡದೆಂದು ಕಾನೂನೇ ಇದೆ. ನಾವು ಕೊಂಡ ನಾಲ್ಕು ಸರಗಳ ಬಿಲ್ಲಿನಲ್ಲಿ ನಿಕಲ್ ಎಂಬ ಮಾತೇ ಇರಲಿಲ್ಲ.

ಇಷ್ಟು ತಿಳಿದರೆ ಒಡವೆಯನ್ನು ನೋಡಿಕೊಳ್ಳುವ ಕ್ರಮ ತಾನಾಗಿಯೇ ತಿಳಿಯುತ್ತದೆ. ಕೂದಲಿನ ಮುನ್ನೂರೈವತ್ತನೆಯ ಒಂದು ಪಾಲಿನಷ್ಟು ತೆಳುವಾದದ್ದನ್ನು ಉಜ್ಜಬಾರದು. ಟೂತ್‌ಪೇಸ್ಟಿನಲ್ಲಿ ಸೀಮೆಸುಣ್ಣದಂಥ ಪುಡಿ ಇರುವುದೇ ಉಜ್ಜಲಿಕ್ಕೆ. ಅದನ್ನು ಹಚ್ಚಿ ತಿಕ್ಕಿದಾಗ ಸರ ಒಮ್ಮೆಗೇ ಹೊಳೆಯುವುದನ್ನು ಕಂಡು ಹಿಗ್ಗುವವರಿದ್ದಾರೆ. ಹೊಳೆಯುತ್ತಿರುವುದು ಕೆಳಗಿನ ಹಿತ್ತಾಳೆ ಎಂಬುದು ಅವರಿಗೆ ಗೊತ್ತಾಗುವುದು ಮರುದಿನ. ವಿಭೂತಿ, ಅಡುಗೆ ಸೋಡ, ಪಾತ್ರೆಯ ಪುಡಿ, ಎಲ್ಲವೂ ಇದೇ ಜಾತಿಯವು. ಹುಣಸೆಹಣ್ಣು, ನಿಂಬೆಹಣ್ಣು ಪೂಜೆಯ ತಂಬಿಗೆಗೆ ಒಳ್ಳೆಯವು, ಏಕೆಂದರೆ ತಂಬಿಗೆ ಒಳಗೂ ಹೊರಗೂ ತಾಮ್ರವೇ. ಲೇಪದ ಒಡವೆಯಲ್ಲಿ ಆ ಹುಳಿ ರಂಧ್ರದೊಳಗೆ ಇಳಿದು ಕುಳಿತು ಒಳಗಿನಿಂದ ತಿನ್ನುತ್ತದೆ. ಬಟ್ಟೆ ಬಿಳುಪು ಮಾಡುವ ಬ್ಲೀಚಿಂಗ್ ಪುಡಿಯ ನೀರಿನ ಹತ್ತಿರವಂತೂ ಸುಳಿಯಲೇಬಾರದು.

ಮಾಡಬೇಕಾದದ್ದು ಬಹಳ ಕಡಿಮೆ. ಎಣ್ಣೆ, ಪೌಡರು, ಸೆಂಟು, ಅರಿಶಿನ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಡವೆ ತೊಡುವುದು; ಮನೆಗೆ ಬಂದೊಡನೆ ಮೊದಲು ಅದನ್ನು ತೆಗೆಯುವುದು. ತೆಗೆದ ಕೂಡಲೇ ಹಳೆಯ ಮೆತ್ತನೆಯ ಹತ್ತಿಬಟ್ಟೆಯಿಂದ ಬೆವರನ್ನು ಒತ್ತಿ ಒರೆಸುವುದು. ತೀರಾ ಕೊಳೆಯಾಗಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಒಂದು ಹನಿ ಸೌಮ್ಯವಾದ ಸೋಪಿನ ದ್ರವ ಹಾಕಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ ಒರೆಸಿ, ಬರಿಯ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಫ್ಯಾನಿನ ಗಾಳಿಗೆ ಪೂರ್ತಿ ಆರಲು ಬಿಡುವುದು. ಒಡವೆಯನ್ನೇ ನೀರಿನಲ್ಲಿ ನೆನೆಹಾಕಬಾರದು. ಕಲ್ಲು ಕೂರಿಸಿದ ಓಲೆಯಾದರೆ ಅಂಟು ಬಿಟ್ಟು ಕಲ್ಲು ಉದುರುತ್ತದೆ. ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಇಡಬೇಕು. ಹೊಸ ಚೀಲ, ಹೊಸ ಷೂಗಳ ಜೊತೆ ಬರುವ ಸಿಲಿಕಾದ ಪುಟ್ಟ ಪೊಟ್ಟಣವನ್ನು ಬಿಸಾಡದೆ ಜೊತೆಗಿಟ್ಟರೆ ಅದು ತೇವವನ್ನು ಹೀರುತ್ತದೆ. ರಬ್ಬರ್ ಬ್ಯಾಂಡು ಸುತ್ತಬಾರದು, ಅದರಲ್ಲಿ ಗಂಧಕವಿರುತ್ತದೆ. ದಿನಬಳಕೆಗೆ ಎರಡು ಸರ ಇಟ್ಟುಕೊಂಡು ಒಂದಕ್ಕೆ ವಿಶ್ರಾಂತಿ ಕೊಟ್ಟರೆ ಎರಡೂ ಹೆಚ್ಚು ಕಾಲ ಬಾಳುತ್ತವೆ. ಬಣ್ಣ ಹೋದ ಮೇಲೆ ಬಿಸಾಡಬೇಕಾಗಿಲ್ಲ. ಕಟ್ಟು ಗಟ್ಟಿಯಾಗಿದ್ದರೆ ಮತ್ತೆ ಲೇಪ ಹಾಕಿಸಬಹುದು. ತುರಿಕೆ ಬಂದರೆ ಮಾತ್ರ ಹಠ ಮಾಡದೆ ತೆಗೆದುಬಿಡಬೇಕು.

ಇವುಗಳಲ್ಲಿ ಕಷ್ಟವಾದದ್ದು ಯಾವುದೂ ಇಲ್ಲ. ಆದರೆ ಎಲ್ಲದಕ್ಕೂ ಬೇಕಾದದ್ದು ಒಂದು, ‘ಇದು ಕವರಿಂಗ್’ ಎಂದು ಒಪ್ಪಿಕೊಳ್ಳುವ ಧೈರ್ಯ. ಸ್ನಾನಕ್ಕೆ ಮೊದಲು ತೆಗೆದಿಡಬೇಕಾದರೆ ನಾಲ್ಕು ಜನ ನೋಡುತ್ತಾರೆ. ನೋಡಿದವರು ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತದೆ. ಅಲ್ಲಿಗೇ ಎಲ್ಲರೂ ನಿಂತುಬಿಡುತ್ತಾರೆ. ನಾವೂ ನಿಂತಿದ್ದೆವು.

ನಮ್ಮನ್ನು ಅಲ್ಲಿಂದ ಮುಂದಕ್ಕೆ ನೂಕಿದ್ದು 2023ರ ಯುಗಾದಿ. ಹಬ್ಬಕ್ಕೆಂದು ತಾಯಿಯವರು ಹಾಸನದಿಂದ ಹೊರಟು, ಬೆಂಗಳೂರಿನಲ್ಲಿ ಬಸ್ಸು ಬದಲಿಸಿ, ಬೆಳಗಿನ ಜಾವ ಕೋಯಂಬೇಡಿನ ನಿಲ್ದಾಣದಲ್ಲಿ ಇಳಿದರು. ಕರೆತರಲು ನಾವಿಬ್ಬರೂ ಹೋಗಿದ್ದೆವು. ಹೇಗೂ ಬಂದಿದ್ದೇವೆ, ಹಬ್ಬದ ಹೂವು ಕೊಂಡುಬಿಡೋಣ ಎಂದು ಮಾರುಕಟ್ಟೆಗೆ ನಡೆದೆವು. ಕೊತ್ತವಾಲ್ ಚಾವಡಿಯ ಇಕ್ಕಟ್ಟಿನಿಂದ 1996ರಲ್ಲಿ ಇಲ್ಲಿಗೆ ಬಂದ ಈ ಮಾರುಕಟ್ಟೆ ಆ ಹೊತ್ತಿಗಾಗಲೇ ಎದ್ದು ಕೂತಿರುತ್ತದೆ. ಕೆಳಗೆಲ್ಲ ನೀರು, ತಲೆಯ ಮೇಲೆ ಮೂಟೆ, ಎಲ್ಲೆಲ್ಲೂ ಮಲ್ಲಿಗೆಯ ವಾಸನೆ.

ಹೂವು ಅಳೆಯುತ್ತಿದ್ದ ಹೆಂಗಸಿನ ಕುತ್ತಿಗೆಯಲ್ಲಿ ದಪ್ಪನೆಯ ಸರ ಇತ್ತು. ಇಷ್ಟು ಜನಸಂದಣಿಯಲ್ಲಿ ಇಷ್ಟೊಂದು ಚಿನ್ನ ಹಾಕಿಕೊಂಡು ಕೂರಲು ಹೆದರಿಕೆಯಿಲ್ಲವೇ ಎಂದು ನಮ್ಮ ಮನೆಯವರು ತಮಗೆ ಬರುವ ತಮಿಳಿನಲ್ಲಿ ಕೇಳಿದರು. ಆಕೆ ತಕ್ಕಡಿಯಿಂದ ಕಣ್ಣೆತ್ತದೆ, ಸುತ್ತಲಿನ ಹತ್ತು ಜನಕ್ಕೆ ಕೇಳುವಂತೆ, ‘ಕವರಿಂಗ್‌ದಾನ್ ಅಮ್ಮಾ, ತಂಗಂ ಬ್ಯಾಂಕ್‌ಲ ಇರುಕ್ಕು’ ಎಂದಳು. ಚಿನ್ನ ಬ್ಯಾಂಕಿನಲ್ಲಿದೆ. ನಮ್ಮದೂ ಅಲ್ಲೇ ಇತ್ತು! ವ್ಯತ್ಯಾಸವೆಂದರೆ ಆಕೆ ಅದನ್ನು ಮಲ್ಲಿಗೆಯ ದರ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಆಕೆಯ ಹತ್ತಿರ ಒಂದು ತುಂಡು ಬಟ್ಟೆಯೂ ಇತ್ತು. ಹೂವಿನ ಮೇಲೆ ನೀರು ಚಿಮುಕಿಸಿದಾಗಲೆಲ್ಲ ಸರದ ಮೇಲೆ ಸಿಡಿದ ಹನಿಯನ್ನು ಅದರಿಂದ ಒತ್ತಿಕೊಳ್ಳುತ್ತಿದ್ದಳು.

ನಮ್ಮ ತಾಯಿಗೆ ತಮಿಳು ಬರುವುದಿಲ್ಲ. ಆದರೆ ಕವರಿಂಗ್ ಎಂಬ ಮಾತು ಅರ್ಥವಾಯಿತು. ಅವರು ಸೊಸೆಯ ಕಡೆ ತಿರುಗಿ, ಸೆರಗನ್ನು ಸ್ವಲ್ಪ ಸರಿಸಿ ನೋಡಿದರು. ‘ಯಾಕವ್ವಾ, ಕುತ್ತಿಗೆ ಹಿಂಗಾಗಿದೆ?’ ಎಂದರು. ಮನೆಯವರ ಬಾಯಿಂದ ಮಾತು ಹೊರಡಲಿಲ್ಲ. ನಾವು ಹೂವಿನ ಚೀಲವನ್ನು ನೋಡುತ್ತ ನಿಂತೆವು. ತಾಯಿಯವರು ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿದರು. ‘ಇವನ್ನ ಏನಂದ್ಕೊಂಡಿದೀಯಾ? ಇವೂ ಗಿಲೀಟೇ. ಚಿನ್ನದ್ದು ಇವನ ಡಿಗ್ರಿ ಓದಿಗೇ ಹೋಯ್ತು.’

ನಾವು ಕಾಲೇಜಿಗೆ ಸೇರಿದ್ದು 1998ರಲ್ಲಿ. ಅಂದರೆ ಇಪ್ಪತ್ತೈದು ವರ್ಷ ಅವರ ಕೈಯಲ್ಲಿ ಆ ಬಳೆಗಳನ್ನು ನೋಡುತ್ತ ಬಂದಿದ್ದೇವೆ, ಒಮ್ಮೆಯೂ ತಿಳಿಯಲಿಲ್ಲ. ‘ಯಾಕಮ್ಮಾ ಮುಚ್ಚಿಟ್ಟೆ?’ ಎಂದು ಕೇಳಿದೆವು. ‘ನಾನೆಲ್ಲಿ ಮುಚ್ಚಿಟ್ಟೆ? ಕೇಳಿದೋರಿಗೆಲ್ಲ ಗಿಲೀಟು ಅಂತಾನೇ ಹೇಳ್ತಿದ್ದೆ. ನೀನು ಕೇಳಲಿಲ್ಲ’ ಎಂದರು.

ಆ ಬಳೆಗಳು ಇಷ್ಟು ವರ್ಷ ಬಾಳಿದ್ದು ಹೇಗೆ ಎಂದು ಆಮೇಲೆ ವಿಚಾರಿಸಿದೆವು. ಮನೆಗೆಲಸಕ್ಕೆ ಗಾಜಿನ ಬಳೆ, ಹಬ್ಬಕ್ಕೆ ಮತ್ತು ಊರಿಗೆ ಹೋಗುವುದಕ್ಕೆ ಇವು. ಬಿಚ್ಚಿದ ಮೇಲೆ ತಂದೆಯವರ ಹಳೆಯ ಪಂಚೆಯ ತುಂಡಿನಿಂದ ಒರೆಸಿ ಅದರಲ್ಲೇ ಸುತ್ತಿಡುವುದು. ಇಪ್ಪತ್ತೈದು ವರ್ಷದಲ್ಲಿ ಎರಡು ಸಲ ಹಾಸನದಲ್ಲಿ ಮತ್ತೆ ನೀರು ಹಾಕಿಸಿದ್ದಾರೆ. ಅಷ್ಟೇ. ಮೈಕ್ರಾನ್ ಎಂಬ ಮಾತನ್ನೇ ಕೇಳದ ತಾಯಿಯವರಿಗೆ ಆ ಬಳೆ ಏನೆಂಬುದು ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ತಕ್ಕ ಹಾಗೆ ಅದನ್ನು ನಡೆಸಿಕೊಂಡರು. ಡಿಗ್ರಿ ಪಡೆದ ನಾವು ಒಂದೇ ವರ್ಷದಲ್ಲಿ ನಾಲ್ಕು ಸರಗಳನ್ನು ತಿಪ್ಪೆಗೆ ಹಾಕಿದೆವು.

ಈಗ ನಮ್ಮ ಎದುರುವಾದಿಗಳ ಕಡೆಗೆ ಬರೋಣ. ‘ಲೇಪದ್ದೆಂದರೆ ಸುಳ್ಳು, ಮೋಸ’ ಎನ್ನುವವರು ಮೊದಲನೆಯವರು. ಸ್ವಾಮಿ, ಪ್ರತಿ ವಿಜಯದಶಮಿಯಂದು ನಾವೆಲ್ಲ ಟಿ.ವಿ.ಯ ಮುಂದೆ ಕುಳಿತು ಕೈಮುಗಿಯುವ ಮೈಸೂರಿನ ಅಂಬಾರಿ ಯಾವುದರದ್ದು? ಸುಮಾರು 750 ಕಿಲೋ ತೂಗುವ ಅದು ಮರದ ಮಂಟಪಕ್ಕೆ ಚಿನ್ನದ ತಗಡು ಹೊದಿಸಿದ್ದು. ಅದನ್ನು ಯಾರಾದರೂ ‘ಬರೀ’ ಎಂದದ್ದುಂಟೆ? ಊರಿಗೆ ಹೋಗುವ ದಾರಿಯಲ್ಲಿ ವೆಲ್ಲೂರಿಗೆ ತಿರುಗಿ ನಾವು ನೋಡಿಬರುವ ಶ್ರೀಪುರದ ಸ್ವರ್ಣಮಂದಿರದಲ್ಲಿರುವುದೂ ತಾಮ್ರದ ತಗಡಿನ ಮೇಲಿನ ಚಿನ್ನದ ರೇಕು. ಮೈಸೂರು ಶೈಲಿಯ ಚಿತ್ರದಲ್ಲಿ ದೇವಿಯ ಕಿರೀಟಕ್ಕೆ ಅಂಟಿಸುವುದೂ ರೇಕೇ. ಅಷ್ಟು ದೂರವೇಕೆ? ಸಭಾಂಗಣದಲ್ಲಿ ಕುಳಿತು ಕವರಿಂಗ್ ಎಂದು ಪಿಸುಗುಟ್ಟಿದವರ ಮೊಬೈಲು ಫೋನಿನ ಸಿಮ್ ಕಾರ್ಡನ್ನು ಹೊರತೆಗೆದು ನೋಡಲಿ. ಅದರ ಮೇಲಿನ ಹಳದಿ ಚೌಕಗಳೂ ಚಿನ್ನದ ಲೇಪವೇ. ನಮ್ಮ ಗಂಡಸರ ಕೈಗಡಿಯಾರದ ಹಳದಿ ಪಟ್ಟಿಯನ್ನು ಯಾರೂ ಒರೆಗೆ ಹಚ್ಚಿ ನೋಡುವುದಿಲ್ಲ. ಹೆಂಗಸರ ಕುತ್ತಿಗೆಗೆ ಮಾತ್ರ ಈ ಪರೀಕ್ಷೆ.

‘ಚಿನ್ನವಾದರೆ ಕಷ್ಟಕಾಲಕ್ಕೆ ಆಗುತ್ತದೆ, ಕವರಿಂಗ್ ಯಾತಕ್ಕೆ ಆದೀತು?’ ಎನ್ನುವವರು ಎರಡನೆಯವರು. ಈ ಮಾತನ್ನು ನಾವು ಪೂರ್ತಿ ಒಪ್ಪುತ್ತೇವೆ. ನಮ್ಮ ಕಷ್ಟಕಾಲಕ್ಕೂ ಆದದ್ದು ಚಿನ್ನವೇ. ಕವರಿಂಗ್ ಆಸ್ತಿಯಲ್ಲ, ಮಾರಲು ಹೋದರೆ ಹಿತ್ತಾಳೆಯ ಬೆಲೆಯೂ ಬಾರದು. ಅದನ್ನು ಚಿನ್ನವೆಂದು ಹೇಳಿ ಗಿರವಿ ಇಡುವುದು, ಮದುವೆಯ ಮಾತುಕತೆಯಲ್ಲಿ ಚಿನ್ನದ ಲೆಕ್ಕಕ್ಕೆ ಸೇರಿಸುವುದು, ಇವು ಶುದ್ಧ ಮೋಸ. ಅಂಥವರನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಆಸ್ತಿಯನ್ನು ಇಡಬೇಕಾದ ಜಾಗ ಬ್ಯಾಂಕಿನ ಲಾಕರು. ಅಲಂಕಾರಕ್ಕೆ ಅಲಂಕಾರದ ವಸ್ತು ಸಾಕು. 1963ರ ಜನವರಿಯಲ್ಲಿ ಸರ್ಕಾರ ಚಿನ್ನದ ನಿಯಂತ್ರಣ ತಂದು, ಹೊಸ ಒಡವೆ 14 ಕ್ಯಾರೆಟ್ಟಿಗಿಂತ ಹೆಚ್ಚಿನದಾಗಬಾರದು ಎಂದಿತು. 1968ರಲ್ಲಿ ಚಿನ್ನದ ನಿಯಂತ್ರಣಕ್ಕೆಂದೇ ಒಂದು ಶಾಸನವನ್ನು ಮಾಡಿತು. 1990ರಲ್ಲಿ ಕೈಚೆಲ್ಲಿ ಅದನ್ನು ಹಿಂತೆಗೆದುಕೊಂಡಿತು. ಜನರ ಚಿನ್ನದ ಆಸೆಯನ್ನು ಕಾನೂನು ಅಲುಗಿಸಲಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಕಾನೂನಿನಿಂದ ಆಗದ್ದು ಬೆಲೆಯಿಂದಲಾದರೂ ಆಗಲಿ. ಊರು ಬಿಟ್ಟು ಬಂದು ಬಾಡಿಗೆಮನೆಯಲ್ಲಿರುವ ಸಂಸಾರಗಳು, ಊರಿನ ಮದುವೆಯಲ್ಲಿ ‘ಮದರಾಸಿನಲ್ಲಿದ್ದು ಇಷ್ಟೇನಾ’ ಎಂಬ ಮಾತಿಗೆ ಹೆದರಿ ಸಾಲ ಮಾಡಿ ಸವರನ್ ಲೆಕ್ಕದಲ್ಲಿ ಚಿನ್ನ ಕೊಳ್ಳುವುದನ್ನು ನಾವು ಕಂಡಿದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕುತ್ತಿಗೆಗೂ ಅನ್ವಯಿಸುತ್ತದೆ.

ಮೂರನೆಯವರು ಅಂಗಡಿಯವರು. ಈ ಉದ್ಯಮವನ್ನು ನಾವು ಹೀಗಳೆಯುವುದಿಲ್ಲ. ಚಿದಂಬರಂ ಕವರಿಂಗ್ ಎಂಬ ಹೆಸರು ತಮಿಳುನಾಡಿನಲ್ಲಿ ಮನೆಮಾತು. ಆಂಧ್ರದ ಮಚಲೀಪಟ್ಟಣದ ಚಿಲಕಲಪೂಡಿಯಲ್ಲಿ ಅದೆಷ್ಟೋ ಕುಟುಂಬಗಳ ಅನ್ನ ಈ ಕಸುಬಿನಿಂದ ಬರುತ್ತದೆ. ಆದ್ದರಿಂದಲೇ ಕೇಳುತ್ತೇವೆ: ಚಿನ್ನದ ಒಡವೆಗೆ 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, 2023ರ ಏಪ್ರಿಲ್ 1ರಿಂದ ಅದರ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕೆಂದಾಯಿತು. ಆದರೆ ಆ ಹಾಲ್‌ಮಾರ್ಕ್ ಲೇಪದ ಒಡವೆಗೆ ಅನ್ವಯಿಸುವುದಿಲ್ಲ. ಹಾಗಿರುವಾಗ ಬಡವರೂ ಮಧ್ಯಮವರ್ಗದವರೂ ಕೊಳ್ಳುವ ವಸ್ತುವಿನ ಚೀಟಿಯ ಮೇಲೆ ‘ಒಳಗಿನ ಲೋಹ ಇಂಥದು, ಚಿನ್ನದ ದಪ್ಪ ಇಷ್ಟು ಮೈಕ್ರಾನ್, ನಿಕಲ್ ಇದೆ ಅಥವಾ ಇಲ್ಲ’ ಎಂದು ಮೂರು ಸಾಲು ಬರೆಯಲು ಏನು ಕಷ್ಟ? ಅಮೆರಿಕದಲ್ಲಿ ‘ಗೋಲ್ಡ್ ಎಲೆಕ್ಟ್ರೋಪ್ಲೇಟ್’ ಎನ್ನಬೇಕಾದರೆ ಕನಿಷ್ಠ 0.175 ಮೈಕ್ರಾನ್, ‘ಹೆವಿ’ ಎನ್ನಬೇಕಾದರೆ ಸುಮಾರು 2.5 ಮೈಕ್ರಾನ್ ಇರಬೇಕೆಂದು ವ್ಯಾಪಾರಿಗಳಿಗೆ ಮಾರ್ಗಸೂಚಿ ಇದೆ. ನಾವು ಕೊಳ್ಳುವವರು ಸಂಕೋಚವಿಲ್ಲದೆ ಕೇಳಿದರೆ ತಾನೆ ಅವರು ಬರೆಯುವುದು? ಕವರಿಂಗ್ ಅಂಗಡಿಗೆ ಮುಖ ಮರೆಸಿಕೊಂಡು ಹೋಗಿ ಸಿಕ್ಕಿದ್ದನ್ನು ಕೊಂಡು ಓಡಿಬರುವ ಗಿರಾಕಿಗೆ ಯಾರು ಉತ್ತರ ಕೊಡುತ್ತಾರೆ?

ಕೊನೆಯದಾಗಿ ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಒಂದು ಅರಿಕೆ. ಸಂಘದ ಕೊಠಡಿಯಲ್ಲಿ ಮಕ್ಕಳ ನೃತ್ಯಕ್ಕೂ ನಾಟಕಕ್ಕೂ ಬೇಕಾದ ಒಡವೆಗಳ ಒಂದು ಟ್ರಂಕು ಇದೆ. ಡಾಬು, ವಂಕಿ, ಜಡೆಬಿಲ್ಲೆ, ಜುಮುಕಿ, ಎಲ್ಲವೂ ಚಿನ್ನದ ನೀರಿನವು. ಕಾರ್ಯಕ್ರಮ ಮುಗಿದ ರಾತ್ರಿ ಬೆವರು, ಬಣ್ಣ, ಎಣ್ಣೆ ಸಮೇತ ಅವನ್ನೆಲ್ಲ ಒಂದೇ ಗಂಟು ಕಟ್ಟಿ ಅದರೊಳಗೆ ತುರುಕುತ್ತೇವೆ. ಮುಂದಿನ ವರ್ಷ ತೆರೆದಾಗ ಅರ್ಧ ಕಪ್ಪಾಗಿರುತ್ತದೆ. ‘ಕವರಿಂಗ್ ಅಲ್ಲವೇ’ ಎಂದು ಮತ್ತೆ ಚಂದಾ ಎತ್ತಿ ಹೊಸದು ತರುತ್ತೇವೆ. ಮಕ್ಕಳ ಕಿವಿ, ಕುತ್ತಿಗೆಗೆ ಆ ಕಿಲುಬು ಹತ್ತುವುದು ಬೇರೆ. ಈ ವರ್ಷ ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ಮುಂಚೆ ಅರ್ಧ ಗಂಟೆ ಇದಕ್ಕಾಗಿ ಇಡಲಿ. ಪ್ಲಾಸ್ಟಿಕ್ ಚೀಲಗಳನ್ನು ನಾವು ತರುತ್ತೇವೆ. ಒರೆಸಲು ನಮ್ಮ ಮನೆಯವರು ಬರುತ್ತಾರೆ, ಅವರ ಕುತ್ತಿಗೆಯ ಮೇಲೆ ಈಗ ಗುಳ್ಳೆಯೂ ಇಲ್ಲ, ಸೆರಗೂ ಇಲ್ಲ. ಊಟದ ಸಾಲಿನಲ್ಲಿ ನಕ್ಕ ಆ ಇಬ್ಬರೂ ಬಂದು ಕೈಜೋಡಿಸಿದರೆ ಬಹಳ ಸಂತೋಷ.

ಒರೆಸುವ ಬಟ್ಟೆಗಾಗಿ ಸಂಘ ಖರ್ಚು ಮಾಡಬೇಕಾಗಿಲ್ಲ. ತಾಯಿಯವರಿಗೆ ಹೇಳಿದ್ದೇವೆ. ಮುಂದಿನ ಸಲ ಬರುವಾಗ ಹಳೆಯ ಪಂಚೆಗಳನ್ನು ಹರಿದು ತುಂಡು ಮಾಡಿ ತರುತ್ತಾರಂತೆ.